ಒಂದೇ ವರ್ಷ, ಎರಡು ಅಂಕಪಟ್ಟಿ: ಜಪಾನಿನ ಕಿರಿಯರ ಫಾರ್ಮುಲಾ ರೇಸಿಂಗ್‌ನ 2018ರ ಋತು

2018ರಲ್ಲಿ ಜಪಾನಿನ ಕಿರಿಯ ಚಾಲಕರ ಮುಂದಿದ್ದ ಮುಖ್ಯ ಮೆಟ್ಟಿಲುಗಳು ಎರಡು. ಕೆಳಗಿನದು ಫಾರ್ಮುಲಾ 4 ಜಪಾನೀಸ್ ಚಾಂಪಿಯನ್‌ಷಿಪ್, ಅದರ ಮೇಲಿನದು ಆಲ್ ಜಪಾನ್ ಫಾರ್ಮುಲಾ 3. ಕೆಳಗಿನದನ್ನು ಹದಿನೆಂಟು ವರ್ಷದ ಯುಕಿ ತ್ಸುನೋಡಾ ಗೆದ್ದರು: 14 ರೇಸ್, 7 ಗೆಲುವು, 245 ಅಂಕ. ಮೇಲಿನದನ್ನು ಇಪ್ಪತ್ತಮೂರು ವರ್ಷದ ಶೋ ತ್ಸುಬೋಯಿ ಗೆದ್ದರು: 19 ರೇಸ್, 17 ಗೆಲುವು. 2021ರ ಮಾರ್ಚ್‌ನಲ್ಲಿ ತ್ಸುನೋಡಾ ಬಹರೇನ್‌ನಲ್ಲಿ ಫಾರ್ಮುಲಾ 1 ಕಾರಿನಲ್ಲಿ ಕೂತಿದ್ದರು. ಆಗ ತ್ಸುಬೋಯಿ ಫಾರ್ಮುಲಾ 1ರ ಹತ್ತಿರವೂ ಸುಳಿದಿರಲಿಲ್ಲ; ಜಪಾನಿನ ಟ್ರ್ಯಾಕ್‌ಗಳಲ್ಲೇ ಓಡಿಸುತ್ತಿದ್ದರು.

ಬರೀ ಅಂಕಪಟ್ಟಿ ನೋಡಿದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಹತ್ತರಲ್ಲಿ ಒಂಬತ್ತರಷ್ಟು ಗೆದ್ದವರು ಊರಲ್ಲೇ ಉಳಿದರು, ಅರ್ಧ ಗೆದ್ದವರು ಹೊರಟರು. ಪ್ರತಿಭೆ ಒಬ್ಬರಲ್ಲಿ ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ರೇಸಿಂಗ್ ವರದಿಗಳು ಬಹುಮಟ್ಟಿಗೆ ಹಾಗೇ ಮುಗಿಸುತ್ತವೆ. ಜಪಾನಿನ ಕಿರಿಯರ ರೇಸಿಂಗ್‌ನಲ್ಲಿ ಅಂಕಗಳ ಕಾಲಂ ಪಕ್ಕದಲ್ಲಿ ಯಾವ ಕಾರು ಕಂಪನಿ ನಿಂತಿದೆ, ಆ ಕಂಪನಿಗೆ ಆ ವರ್ಷ ಫಾರ್ಮುಲಾ 1ರಲ್ಲಿ ಜಾಗವಿತ್ತೇ ಎಂಬುದನ್ನೂ ಓದದಿದ್ದರೆ ಪಟ್ಟಿ ಅರ್ಧ ಮಾತ್ರ ಅರ್ಥವಾಗುತ್ತದೆ ಎಂಬುದು ಈ ಟಿಪ್ಪಣಿಯ ವಾದ. 2018 ಇದಕ್ಕೆ ಒಳ್ಳೆಯ ಪರೀಕ್ಷೆ. ಒಂದೇ ವರ್ಷದಲ್ಲಿ ಎರಡೂ ಬಗೆಯ ಪ್ರಕರಣಗಳು ಸಿಗುತ್ತವೆ.

ಮೊದಲು ಫಾರ್ಮುಲಾ 4. ಈ ಹೆಸರಿನ ಅಂತರರಾಷ್ಟ್ರೀಯ ದರ್ಜೆಯನ್ನು ಮೋಟಾರು ಕ್ರೀಡೆಯ ಜಾಗತಿಕ ಸಂಸ್ಥೆ ಎಫ್‌ಐಎ ರೂಪಿಸಿದ್ದು ಕಾರ್ಟ್‌ನಿಂದ ಬರುವ ಹುಡುಗರಿಗೆ ಕಡಿಮೆ ಖರ್ಚಿನ ಮೊದಲ ಕಾರು ಸಿಗಲಿ ಎಂದು. ಹಿಂದಿದ್ದ ಮುಖ್ಯ ವ್ಯಕ್ತಿ ಮಾಜಿ ಚಾಲಕ ಗೆರ್ಹಾರ್ಡ್ ಬರ್ಗರ್. ಇಟಲಿಯಲ್ಲಿ 2014ರಲ್ಲಿ, ಜಪಾನಿನಲ್ಲಿ 2015ರಲ್ಲಿ ಶುರುವಾಯಿತು. ಜಪಾನ್ ಇಲ್ಲಿ ತನ್ನದೇ ದಾರಿ ಹಿಡಿಯಿತು. ಬೇರೆ ದೇಶಗಳು ಬಹುಪಾಲು ಇಟಲಿಯ ಟಾಟುಸ್ ಅಥವಾ ಫ್ರಾನ್ಸಿನ ಮಿಗಾಲ್ ಷಾಸಿ ಕೊಂಡರೆ, ಜಪಾನಿನಲ್ಲಿ ಆಗ ಷಾಸಿ ಡೋಮ್ ಕಂಪನಿಯ ಎಫ್110, ಎಂಜಿನ್ ಟಾಮ್ಸ್ ಕಂಪನಿಯ ಎರಡು ಲೀಟರಿನದು, ಟೈರು ಡನ್‌ಲಪ್. ಎಲ್ಲರಿಗೂ ಒಂದೇ ಷಾಸಿ, ಒಂದೇ ಎಂಜಿನ್. ರೇಸ್‌ಗಳು ನಡೆಯುವುದು ಜಪಾನಿನ ಸ್ಪೋರ್ಟ್ಸ್ ಕಾರು ಸರಣಿ ಸೂಪರ್ ಜಿಟಿಯ ವಾರಾಂತ್ಯಗಳಲ್ಲಿ. ಹಾಗಾಗಿ ಹದಿನಾರು ಹದಿನೇಳರ ಹುಡುಗರು ತುಂಬಿದ ಗ್ಯಾಲರಿಯ ಮುಂದೆ ಓಡಿಸುತ್ತಾರೆ. ಯೂರೋಪಿನ ಎಷ್ಟೋ ಫಾರ್ಮುಲಾ 4 ಸರಣಿಗಳಿಗೆ ಈ ಭಾಗ್ಯವಿಲ್ಲ.

ಈ ಸರಣಿಯ ಒಂದು ನಿಯಮವನ್ನು ಹತ್ತಿರದಿಂದ ನೋಡಬೇಕು, ಯಾಕೆಂದರೆ 2018ರ ಪಟ್ಟಿಯನ್ನು ಅಳೆಯಲು ಅದು ಬೇಕು. ವಾರಾಂತ್ಯಕ್ಕೆ ಎರಡು ರೇಸ್, ಅರ್ಹತಾ ಸುತ್ತು ಮಾತ್ರ ಒಂದೇ. ಆ ಸುತ್ತಿನಲ್ಲಿ ಚಾಲಕ ದಾಖಲಿಸಿದ ಅತ್ಯುತ್ತಮ ಲ್ಯಾಪ್ ಮೊದಲ ರೇಸಿನ ಗ್ರಿಡ್ ನಿರ್ಧರಿಸುತ್ತದೆ; ಅವನದೇ ಎರಡನೇ ಅತ್ಯುತ್ತಮ ಲ್ಯಾಪ್ ಎರಡನೇ ರೇಸಿನ ಗ್ರಿಡ್ ನಿರ್ಧರಿಸುತ್ತದೆ. ಗ್ರಿಡ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಕಾರು. ಸುಜುಕಾದ ಟ್ರ್ಯಾಕ್ 5.807 ಕಿಲೋಮೀಟರ್ ಉದ್ದವಿದೆ, ಅಲ್ಲಿ ಹೇಗೋ ಜಾಗ ಸಿಗುತ್ತದೆ. ಒಕಾಯಾಮಾದ 3.703 ಕಿಲೋಮೀಟರಿನಲ್ಲಿ ಮೂವತ್ತು ಕಾರು ಒಟ್ಟಿಗೆ ಹೊರಟರೆ ಖಾಲಿ ರಸ್ತೆಯೇ ಸಿಗುವುದಿಲ್ಲ. ಮುಂದಿನವನು ಟೈರು ಬಿಸಿ ಮಾಡಿಕೊಳ್ಳಲು ನಿಧಾನಿಸಿದರೆ ಹಿಂದಿನವನ ಲ್ಯಾಪ್ ಹಾಳು. ಇನ್ನೊಬ್ಬ ತಿರುವಿನಲ್ಲಿ ಜಾರಿ ಕೆಂಪು ಬಾವುಟ ಬಂದರೆ ಎಲ್ಲರ ಲ್ಯಾಪೂ ಹಾಳು. ಇಂಥಲ್ಲಿ ಒಂದು ಅದೃಷ್ಟದ ಲ್ಯಾಪ್ ಸಾಲದು. ಬೆನ್ನುಬೆನ್ನಿಗೆ ಎರಡು ಬೇಕು. ಒಂದೇ ಸಲ ಮಿಂಚುವ ಚಾಲಕನನ್ನು ಈ ನಿಯಮ ಶನಿವಾರ ಮೆರೆಸಿ ಭಾನುವಾರ ಹತ್ತನೇ ಸಾಲಿಗೆ ತಳ್ಳಿಬಿಡುತ್ತದೆ. ಚಾಲಕರನ್ನು ಹುಡುಕುವವರ ಕಣ್ಣಿಗೆ ಇದು ದೊಡ್ಡ ಅನುಕೂಲ. ನನಗೆ ತಿಳಿದ ಕಿರಿಯರ ಸರಣಿಗಳ ಅರ್ಹತಾ ನಿಯಮಗಳಲ್ಲಿ ಇಷ್ಟು ಕಡಿಮೆ ಸಮಯದಲ್ಲಿ ಇಷ್ಟನ್ನು ಹೊರಗೆಡಹುವುದು ಅಪರೂಪ.

ಈ ಹಿನ್ನೆಲೆಯಲ್ಲಿ ತ್ಸುನೋಡಾ ಅವರ ಸಾಲನ್ನು ಓದಬಹುದು. ಗೆಲುವಿಗೆ 25, ಎರಡನೆಯದಕ್ಕೆ 18, ಮೂರನೆಯದಕ್ಕೆ 15, ಹೀಗೆ ಹತ್ತನೇ ಸ್ಥಾನದವರೆಗೆ ಅಂಕ. 14 ರೇಸ್‌ಗಳಿಂದ ಗರಿಷ್ಠ 350. ತ್ಸುನೋಡಾ ಪಡೆದ 245 ಅದರ ನಿಖರ ಎಪ್ಪತ್ತು ಪ್ರತಿಶತ. ಏಳು ಗೆಲುವಿನ 175 ಕಳೆದರೆ ಉಳಿದ ಏಳು ರೇಸ್‌ಗಳಿಂದ ಬಂದದ್ದು 70, ಅಂದರೆ ರೇಸಿಗೆ ಸರಾಸರಿ ಹತ್ತು. ಐದನೇ ಸ್ಥಾನದ ಅಂಕ. ಗೆದ್ದಾಗ ಗೆದ್ದರು, ಗೆಲ್ಲದಿದ್ದಾಗ ತೀರಾ ಬರಿಗೈಯಲ್ಲೂ ಬರಲಿಲ್ಲ. ಆದರೂ ಪ್ರಶಸ್ತಿ ತೀರ್ಮಾನವಾದದ್ದು ನವೆಂಬರಿನಲ್ಲಿ ಮೊಟೆಗಿಯ ಕೊನೆಯ ಸುತ್ತಿನಲ್ಲಿ. ಕಾರಣ ಟೆಪ್ಪೆ ನಾಟೋರಿ. ಅವರೂ ಅದೇ ತಂಡದವರು, ಅದೇ ಶಾಲೆಯವರು, 2000ನೇ ಇಸವಿಯಲ್ಲಿ ಹುಟ್ಟಿದ ಓರಗೆಯವರು. ಪಟ್ಟಿಯಲ್ಲಿ ಎರಡನೆಯವರು.

ಇಬ್ಬರ ತಂಡದ ಹೆಸರೇ ಬಹಳಷ್ಟು ಹೇಳುತ್ತದೆ: ಎಚ್‌ಎಫ್‌ಡಿಪಿ, ಎಸ್‌ಆರ್‌ಎಸ್, ಕೊಚಿರಾ ರೇಸಿಂಗ್, ಮೂರೂ ಸೇರಿ ಒಂದು ತಂಡ. ಮೊದಲನೆಯದು ಹೋಂಡಾದ ಯುವ ಚಾಲಕರ ಯೋಜನೆ, ಹೋಂಡಾ ಫಾರ್ಮುಲಾ ಡ್ರೀಮ್ ಪ್ರಾಜೆಕ್ಟ್. ಎರಡನೆಯದು ಸುಜುಕಾ ಸರ್ಕ್ಯೂಟಿನ ರೇಸಿಂಗ್ ಶಾಲೆ. ಸುಜುಕಾ ಸರ್ಕ್ಯೂಟೇ ಹೋಂಡಾದ್ದು, 1962ರಲ್ಲಿ ಕಟ್ಟಿಸಿದ್ದು. ಮೊಟೆಗಿಯೂ ಹೋಂಡಾದ್ದೇ. ಎದುರು ಬಣದ ಟೊಯೊಟಾ ಕೈಯಲ್ಲಿ ಫುಜಿ ಇದೆ, 2000ದಿಂದ. ಎಂಜಿನ್ ಎಲ್ಲರಿಗೂ ಒಂದೇ ಇರುವ ಫಾರ್ಮುಲಾ 4ರಲ್ಲೂ ಕಂಪನಿಗಳ ಬೇಲಿ ಹೀಗೆ ತಂಡದ ಹೆಸರಿನಲ್ಲಿ, ಶಾಲೆಯ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಕಾರಿನ ಮೇಲೆ ಇಲ್ಲದ ಲಾಂಛನ ಚಾಲಕನ ಮೈಮೇಲಿನ ಸೂಟ್‌ನಲ್ಲಿ ಇರುತ್ತದೆ.

ಶಾಲೆಯ ವಿಷಯದಲ್ಲಿ ಒಂದು ಸಂಗತಿ ಇಲ್ಲಿ ಅಗತ್ಯ. 2016ರಲ್ಲಿ ಸುಜುಕಾ ಶಾಲೆಯ ಅಂತಿಮ ಆಯ್ಕೆಯಲ್ಲಿ ತ್ಸುನೋಡಾ ಮೊದಲ ಇಬ್ಬರಲ್ಲಿ ಇರಲಿಲ್ಲ. ವಿದ್ಯಾರ್ಥಿವೇತನ ಕೈತಪ್ಪಿತ್ತು. ಆಗ ಶಾಲೆಯ ಮುಖ್ಯಸ್ಥರಾಗಿದ್ದವರು ಸತೋರು ನಕಾಜಿಮಾ. 1987ರಲ್ಲಿ ಲೋಟಸ್ ತಂಡದಲ್ಲಿ ಐರ್ಟನ್ ಸೆನ್ನಾಗೆ ಜೊತೆಗಾರರಾಗಿ ಫಾರ್ಮುಲಾ 1ರ ಪೂರ್ಣಾವಧಿ ಚಾಲಕರಾದ ಮೊದಲ ಜಪಾನಿ. ಹುಡುಗನಲ್ಲಿ ಏನೋ ಇದೆ ಎಂದು ಕಂಡ ಅವರು ಶಿಫಾರಸು ಮಾಡಿದರು, ಫಾರ್ಮುಲಾ 4ರ ಸೀಟು ಸಿಕ್ಕಿತು. 2017ರಲ್ಲಿ ತ್ಸುನೋಡಾ ಸರಣಿಯಲ್ಲಿ ಮೂರನೆಯವರಾದರು, ಮರುವರ್ಷ ಗೆದ್ದರು. ಅಂದರೆ 2018ರ ಪಟ್ಟಿಯ ಮೊದಲ ಸಾಲಿನಲ್ಲಿ ಆ ಹೆಸರು ಬರುವುದಕ್ಕೂ ಮೊದಲೇ, ಅಂಕ ಹೇಳಿದ್ದಕ್ಕೆ ವಿರುದ್ಧವಾಗಿ ಒಬ್ಬ ಹಿರಿಯರು ತೀರ್ಪು ಕೊಟ್ಟಿದ್ದರು. ಅಂಕಪಟ್ಟಿಗಳನ್ನು ಪೂರ್ತಿ ನಂಬುವವರು ಇದನ್ನು ಗಮನಿಸಬೇಕು.

ನಕಾಜಿಮಾ ಅವರ ಹೆಸರು ಬಂದಾಗ ನಮ್ಮ ಕಡೆಯ ಒಂದು ಎಳೆಯನ್ನೂ ಸೇರಿಸಬಹುದು. ಅವರದೇ ರೇಸಿಂಗ್ ತಂಡ ಆ ವರ್ಷ ಟಿಸಿಎಸ್ ಪ್ರಾಯೋಜಕತ್ವದಲ್ಲಿ, ಜಪಾನಿನ ಅತಿ ಮೇಲಿನ ಫಾರ್ಮುಲಾ ಸರಣಿಯಾದ ಸೂಪರ್ ಫಾರ್ಮುಲಾದಲ್ಲಿ ಓಡುತ್ತಿತ್ತು, ಅದರ ಒಂದು ಕಾರಿನಲ್ಲಿ ನಾರಾಯಣ್ ಕಾರ್ತಿಕೇಯನ್ ಇದ್ದರು. 2014ರಿಂದ ಜಪಾನಿನಲ್ಲಿದ್ದ ಅವರಿಗೆ ಸೂಪರ್ ಫಾರ್ಮುಲಾದ ಕೊನೆಯ ಋತು 2018. ಆಲ್ ಜಪಾನ್ ಫಾರ್ಮುಲಾ 3 ರೇಸ್‌ಗಳು ಹೆಚ್ಚಾಗಿ ನಡೆಯುತ್ತಿದ್ದದ್ದು ಸೂಪರ್ ಫಾರ್ಮುಲಾದ ವಾರಾಂತ್ಯಗಳಲ್ಲೇ. ತ್ಸುಬೋಯಿ ಒಂದರ ಹಿಂದೊಂದು ಗೆಲ್ಲುತ್ತಿದ್ದಾಗ ಅದೇ ಪ್ಯಾಡಾಕಿನಲ್ಲಿ ಭಾರತದ ಮೊದಲ ಫಾರ್ಮುಲಾ 1 ಚಾಲಕ ಇದ್ದರು.

ಈಗ ಆ ಸರಣಿಗೆ ಬರೋಣ. ಆಲ್ ಜಪಾನ್ ಫಾರ್ಮುಲಾ 3 ಶುರುವಾದದ್ದು 1979ರಲ್ಲಿ. 2018 ಅದರ ಕೊನೆಯದಕ್ಕೆ ಹಿಂದಿನ ಋತು. ಎಫ್‌ಐಎ ಫಾರ್ಮುಲಾ 3 ಎಂಬ ಹೆಸರನ್ನು ತನ್ನ ಅಂತರರಾಷ್ಟ್ರೀಯ ಸರಣಿಗೆ ಮೀಸಲಿಟ್ಟಿದ್ದರಿಂದ 2020ರಲ್ಲಿ ಇದು ಸೂಪರ್ ಫಾರ್ಮುಲಾ ಲೈಟ್ಸ್ ಎಂದು ಹೆಸರು ಬದಲಿಸಿಕೊಂಡಿತು. ನಲವತ್ತು ವರ್ಷದ ಈ ಸರಣಿಯ ಚಾಂಪಿಯನ್‌ಗಳ ಪಟ್ಟಿಯಲ್ಲಿ 1993ರ ಟಾಮ್ ಕ್ರಿಸ್ಟೆನ್‌ಸನ್, 1995ರ ಪೆಡ್ರೊ ದೆ ಲಾ ರೋಸಾ, 2006ರ ಏಡ್ರಿಯನ್ ಸುಟಿಲ್, 2009ರ ಮಾರ್ಕಸ್ ಎರಿಕ್ಸನ್ ಇದ್ದಾರೆ. ಯೂರೋಪಿನಲ್ಲಿ ಜಾಗ ಸಿಗದವರು, ಸಿಕ್ಕರೂ ದುಡ್ಡು ಹೊಂದಿಸಲಾಗದವರು ಜಪಾನಿಗೆ ಬಂದು ಗೆದ್ದು ವಾಪಸಾದ ಕಾಲ ಅದು. ಸುಟಿಲ್ ಹೆಸರು ಬೆಂಗಳೂರಿನವರಿಗೆ ಪರಿಚಿತ. ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ಕಾರನ್ನು ಹಲವು ವರ್ಷ ಓಡಿಸಿದವರು. 2018ರ ಹೊತ್ತಿಗೆ ಪಟ್ಟಿಯ ತುದಿಯಲ್ಲಿ ಹೆಚ್ಚಾಗಿ ಜಪಾನಿ ಹೆಸರುಗಳೇ ಕಾಣುತ್ತಿದ್ದವು.

ತ್ಸುಬೋಯಿ ಅವರ ತಂಡ ಟಾಮ್ಸ್. 1974ರಲ್ಲಿ ನೊಬುಹಿಡೆ ತಾಚಿ ಮತ್ತು ಕಿಯೋಶಿ ಓಇವಾ ಕಟ್ಟಿದ್ದು, ಟೊಯೊಟಾದ ಆಪ್ತ ತಂಡ. ತ್ಸುಬೋಯಿ ಟೊಯೊಟಾದ ಯುವ ಚಾಲಕರ ಯೋಜನೆಯಲ್ಲಿ ಬೆಳೆದವರು. ಫಾರ್ಮುಲಾ 4 ಜಪಾನಿಗೆ ಬಂದ 2015ರಲ್ಲಿ ಅದರ ಮೊದಲ ಚಾಂಪಿಯನ್ ಅವರೇ. 2017ರ ಫಾರ್ಮುಲಾ 3ರಲ್ಲಿ ನಿಸ್ಸಾನ್ ಬಣದ ಮಿತ್ಸುನೋರಿ ತಕಬೋಶಿ ಪ್ರಶಸ್ತಿ ಕಸಿದುಕೊಂಡಿದ್ದರು. ಆ ವರ್ಷ ಅದೇ ಸರಣಿಯಲ್ಲಿದ್ದ ಸ್ಪೇನಿನ ಯುವಕ ಅಲೆಕ್ಸ್ ಪಲೋ ಮುಂದೆ ಅಮೆರಿಕದ ಇಂಡಿಕಾರ್‌ನಲ್ಲಿ ಮತ್ತೆ ಮತ್ತೆ ಚಾಂಪಿಯನ್ ಆದರು. ಇಂಥವರ ಜೊತೆ ಓಡಿ ಬಂದ ತ್ಸುಬೋಯಿಗೆ 2018ರಲ್ಲಿ ಸರಿಸಾಟಿಯೇ ಇರಲಿಲ್ಲ.

19ರಲ್ಲಿ 17 ಎಂದರೆ ಸುಮಾರು ತೊಂಬತ್ತು ಪ್ರತಿಶತ. ಇಲ್ಲಿ ಅಂಕ ಸಿಗುವುದು ಮೊದಲ ಆರು ಜನರಿಗೆ ಮಾತ್ರ, ಗೆಲುವಿಗೆ 10, ಎರಡನೆಯದಕ್ಕೆ 7. ಅಂತರ ಹೀಗಿದ್ದಾಗ ಸತತವಾಗಿ ಗೆಲ್ಲುವವನನ್ನು ಹಿಡಿಯುವುದು ಅಸಾಧ್ಯವಾಗುತ್ತದೆ.

ಆದರೆ ಈ ತೊಂಬತ್ತನ್ನು ತ್ಸುನೋಡಾ ಅವರ ಐವತ್ತರ ಪಕ್ಕದಲ್ಲಿಟ್ಟು ನೇರವಾಗಿ ತೂಗುವಂತಿಲ್ಲ. ಫಾರ್ಮುಲಾ 3ರ ಗ್ರಿಡ್ ಚಿಕ್ಕದು. ಫಾರ್ಮುಲಾ 4ರ ಅರ್ಧದಷ್ಟೂ ಕಾರು ಇರುತ್ತಿರಲಿಲ್ಲ. ಎಂಜಿನ್‌ಗಳೂ ಬೇರೆ ಬೇರೆ. ಒಳ್ಳೆಯ ಎಂಜಿನ್ ಇರುವ ತಂಡಕ್ಕೆ ಮೊದಲೇ ಒಂದು ಕೈ ಮೇಲು. ತ್ಸುಬೋಯಿ ಈ ದರ್ಜೆಗೆ ಹೊಸಬರೂ ಅಲ್ಲ, ಅದು ಅವರ ಮೂರನೇ ಋತು. ಗಾಳಿಯ ಸಮಸ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫಾರ್ಮುಲಾ 3 ಕಾರು ತಿರುವಿನಲ್ಲಿ ನೆಲಕ್ಕೆ ಅಂಟಿ ನಿಲ್ಲುವುದು ರೆಕ್ಕೆಗಳ ಮೇಲೆ ಹರಿಯುವ ಗಾಳಿಯ ಒತ್ತಡದಿಂದ. ಸುಜುಕಾದ ಮೊದಲ ಭಾಗದಲ್ಲಿ ಎಡ ಬಲ ಎಡ ಬಲ ಎಂದು ಬಿಡುವಿಲ್ಲದೆ ಹಾವಿನಂತೆ ಸಾಗುವ ತಿರುವುಗಳಿವೆ. ಅಲ್ಲಿ ಮುಂದಿನ ಕಾರಿನ ಬೆನ್ನಿಗೆ ಹತ್ತಿರ ಹೋದವನಿಗೆ ಕದಡಿದ ಗಾಳಿ ಮಾತ್ರ ಸಿಗುತ್ತದೆ. ಮೂತಿ ತಿರುಗುವುದಿಲ್ಲ, ಟೈರು ಸವೆಯುತ್ತದೆ, ಕೊನೆಗೆ ಅವನೇ ಹಿಂದೆ ಸರಿಯುತ್ತಾನೆ. ಮೊದಲ ತಿರುವಿಗೆ ಮುಂದಾಗಿ ಹೋದವನು ಕೊನೆಯವರೆಗೂ ಮುಂದೆ ಇರುವುದು ಇಲ್ಲಿ ಸಾಮಾನ್ಯ. ಫಾರ್ಮುಲಾ 4ರ ಕಾರುಗಳಿಗೆ ಗಾಳಿಯ ಅವಲಂಬನೆ ಕಡಿಮೆ. ಫುಜಿಯ ಸುಮಾರು ಒಂದೂವರೆ ಕಿಲೋಮೀಟರ್ ನೇರ ರಸ್ತೆಯಲ್ಲಿ ಹಿಂದಿನವನು ಮುಂದಿನವನ ಮರೆಯಲ್ಲಿ ಎಳೆಸಿಕೊಂಡು ಬಂದು ಮೊದಲ ತಿರುವಿನಲ್ಲಿ ದಾಟಿಬಿಡುತ್ತಾನೆ, ಮುಂದಿನ ಲ್ಯಾಪಿನಲ್ಲಿ ಅವನನ್ನು ಇನ್ನೊಬ್ಬ ದಾಟುತ್ತಾನೆ. ಅಲ್ಲಿ ಹದಿನಾಲ್ಕರಲ್ಲಿ ಏಳು ಗೆಲ್ಲುವುದು ಕಷ್ಟದ ಕೆಲಸ.

ಇಷ್ಟನ್ನೆಲ್ಲ ಕಳೆದ ಮೇಲೂ ತ್ಸುಬೋಯಿ ಅವರ ಋತು ಸಣ್ಣದಾಗುವುದಿಲ್ಲ. ಅದೇ ಟಾಮ್ಸ್ ತಂಡದಲ್ಲಿ, ಅದೇ ಬಗೆಯ ಕಾರಿನಲ್ಲಿ ಅವರ ಜೊತೆಗಾರ ರಿಟೊಮೊ ಮಿಯಾಟಾ. ಹಿಂದಿನ ಎರಡೂ ವರ್ಷ, 2016 ಮತ್ತು 2017ರಲ್ಲಿ, ಫಾರ್ಮುಲಾ 4 ಚಾಂಪಿಯನ್ ಆಗಿದ್ದವರು, ಮುಂದೆ 2023ರಲ್ಲಿ ಸೂಪರ್ ಫಾರ್ಮುಲಾವನ್ನೂ ಸೂಪರ್ ಜಿಟಿಯನ್ನೂ ಒಂದೇ ವರ್ಷದಲ್ಲಿ ಗೆದ್ದವರು. ಅಂಥ ಜೊತೆಗಾರನನ್ನು ಪಕ್ಕದಲ್ಲಿಟ್ಟುಕೊಂಡು 17 ಗೆದ್ದದ್ದು ಬರೀ ಎಂಜಿನ್‌ನ ಬಲ ಎನ್ನುವವರು ಮಿಯಾಟಾಗೂ ಅದೇ ಎಂಜಿನ್ ಇತ್ತು ಎಂಬುದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಹಾಗಿದ್ದರೆ ಯೂರೋಪಿನ ಟಿಕೆಟ್ ಯಾಕೆ ಬರಲಿಲ್ಲ? ಉತ್ತರ 2018ರ ಜೂನ್‌ನಲ್ಲಿದೆ, ರೇಸ್ ಟ್ರ್ಯಾಕಿನ ಹೊರಗೆ. 2015ರಿಂದ 2017ರವರೆಗೆ ಮೆಕ್‌ಲಾರೆನ್ ಜೊತೆ ಕೈಸುಟ್ಟುಕೊಂಡಿದ್ದ ಹೋಂಡಾ 2018ರಲ್ಲಿ ಟೊರೊ ರೊಸೊ ತಂಡಕ್ಕೆ ಎಂಜಿನ್ ಕೊಡತೊಡಗಿತ್ತು. ಜೂನ್‌ನಲ್ಲಿ ರೆಡ್ ಬುಲ್‌ನ ಮುಖ್ಯ ತಂಡವೂ 2019ರಿಂದ ಹೋಂಡಾ ಎಂಜಿನ್ ಬಳಸುವುದಾಗಿ ಪ್ರಕಟಿಸಿತು. ಫಾರ್ಮುಲಾ 1ರಲ್ಲಿ ಎರಡು ತಂಡ, ನಾಲ್ಕು ಸೀಟು, ಜೊತೆಗೆ ಜಗತ್ತಿನ ಅತಿ ಕಟ್ಟುನಿಟ್ಟಿನ ಯುವ ಚಾಲಕರ ಯೋಜನೆ ಇರುವ ಸಂಸ್ಥೆಯೊಂದು ಹೋಂಡಾದ ಪಾಲುದಾರನಾಯಿತು. ಫಾರ್ಮುಲಾ 1ರಲ್ಲಿ ಜಪಾನಿ ಚಾಲಕ ಕಾಣಿಸಿಕೊಂಡು ನಾಲ್ಕು ವರ್ಷವಾಗಿತ್ತು. 2014ರ ಕಮುಯಿ ಕೊಬಾಯಾಶಿಯೇ ಕೊನೆ. ಹೋಂಡಾಗೆ ತನ್ನ ಹುಡುಗನೊಬ್ಬ ಬೇಕಿತ್ತು, ಕಳಿಸಲು ಜಾಗವೂ ಸಿಕ್ಕಿತು. ಆ ವರ್ಷದ ಕೊನೆಯಲ್ಲಿ ತ್ಸುನೋಡಾ ಹಂಗರಿಯಲ್ಲಿ ರೆಡ್ ಬುಲ್‌ನವರ ಮುಂದೆ ಪರೀಕ್ಷಾ ಓಟ ಓಡಿಸಿದರು, 2019ಕ್ಕೆ ರೆಡ್ ಬುಲ್ ಕಿರಿಯರ ತಂಡ ಸೇರಿದರು.

ಟೊಯೊಟಾ ಕಥೆ ಬೇರೆ. 2009ರ ನವೆಂಬರಿನಲ್ಲಿ ಅದು ಫಾರ್ಮುಲಾ 1ರಿಂದ ಹೊರಬಂದಿತ್ತು. 2018ರಲ್ಲಿ ಟೊಯೊಟಾ ಜಗತ್ತಿನ ಎದುರು ಹೆಮ್ಮೆಯಿಂದ ತೋರಿಸಿದ್ದು ಅದೇ ಜೂನ್ ತಿಂಗಳಲ್ಲಿ ಲೆ ಮಾನ್ 24 ಗಂಟೆಯ ರೇಸಿನಲ್ಲಿ ದಕ್ಕಿದ ತನ್ನ ಮೊದಲ ಗೆಲುವನ್ನು. ಅದರ ಯುವ ಚಾಲಕನಿಗೆ ಕಣ್ಣೆದುರಿಗಿದ್ದ ದಾರಿ ಸೂಪರ್ ಫಾರ್ಮುಲಾ, ಸೂಪರ್ ಜಿಟಿ, ಬಹಳವಾದರೆ ಲೆ ಮಾನ್. ಫಾರ್ಮುಲಾ 1ರ ಬಾಗಿಲು ಇರಲೇ ಇಲ್ಲ, ಹಾಗಾಗಿ 17 ಗೆಲುವಿನಿಂದ ತಟ್ಟಲು ಏನೂ ಉಳಿದಿರಲಿಲ್ಲ.

ಒಂದು ವರ್ಷದ ಸಾಕ್ಷ್ಯ ಸಾಲದು ಎಂಬ ಆಕ್ಷೇಪ ಸರಿಯಾದದ್ದೇ. ಹಾಗಾಗಿ ಹಿಂದಕ್ಕೆ ಹೋಗಿ ನೋಡೋಣ. ಟೊಯೊಟಾ ಫಾರ್ಮುಲಾ 1ರಲ್ಲಿದ್ದಾಗ ಅದರ ಹುಡುಗರು ಹೊರಟಿದ್ದರು. 2005ರ ಆಲ್ ಜಪಾನ್ ಫಾರ್ಮುಲಾ 3ರಲ್ಲಿ ಚಾಂಪಿಯನ್ ಆಗದ ಕಜುಕಿ ನಕಾಜಿಮಾ, ಸತೋರು ಅವರ ಮಗ, ಮರುವರ್ಷವೇ ಯೂರೋಪಿಗೆ ಹೋದರು, 2007ರ ಕೊನೆಯ ರೇಸಿನಲ್ಲಿ ಟೊಯೊಟಾ ಎಂಜಿನ್‌ನ ವಿಲಿಯಮ್ಸ್ ಕಾರಿನಲ್ಲಿ ಫಾರ್ಮುಲಾ 1ಕ್ಕೆ ಬಂದರು. 2007ರ ಚಾಂಪಿಯನ್ ಕಜುಯಾ ಓಶಿಮಾ 2008ರಲ್ಲಿ ಯೂರೋಪಿನ ಫಾರ್ಮುಲಾ 3ರಲ್ಲಿದ್ದರು. 2009ರ ನಂತರ ಚಿತ್ರ ಬದಲಾಯಿತು. ಟಾಮ್ಸ್ ತಂಡದ ಜಪಾನಿ ಚಾಂಪಿಯನ್‌ಗಳಾದ 2010ರ ಯುಜಿ ಕುನಿಮೊಟೊ, 2013ರ ಯುಇಚಿ ನಕಾಯಾಮಾ, 2016ರ ಕೆಂಟಾ ಯಾಮಾಶಿತಾ, ಒಬ್ಬರೂ ಫಾರ್ಮುಲಾ 1 ತಲುಪಲಿಲ್ಲ. ಹೋಂಡಾ ಕಡೆ ಇದರ ಕನ್ನಡಿ ಚಿತ್ರ ಸಿಗುತ್ತದೆ: 2014ರ ಚಾಂಪಿಯನ್ ನೊಬುಹಾರು ಮತ್ಸುಶಿತಾರನ್ನು ಹೋಂಡಾ 2015ರಲ್ಲಿ, ಅಂದರೆ ತಾನು ಫಾರ್ಮುಲಾ 1ಕ್ಕೆ ಮರಳಿದ ವರ್ಷವೇ, ಫಾರ್ಮುಲಾ 1ರ ಕೆಳಗಿನ ಮೆಟ್ಟಿಲಾದ ಜಿಪಿ2 ಸರಣಿಗೆ ಕಳಿಸಿತು. ಹೊರಡುವ ವರ್ಷವನ್ನು ಕಂಪನಿಯ ದಿನಚರಿ ನಿರ್ಧರಿಸಿದೆ, ಚಾಲಕನ ಅಂಕ ಎರಡನೆಯ ಮಾತು.

ಮತ್ಸುಶಿತಾ ಫಾರ್ಮುಲಾ 1 ತಲುಪಲಿಲ್ಲ ಎಂಬುದು ಈ ವಾದದ ಮಿತಿಯನ್ನೂ ತೋರಿಸುತ್ತದೆ. ಕಂಪನಿ ಬಾಗಿಲವರೆಗೆ ಕಳಿಸಬಲ್ಲದು. ಮುಂದಿನದು ಚಾಲಕನದು. 2018ರ ಪಟ್ಟಿಯಲ್ಲಿ ಇದನ್ನು ಪರೀಕ್ಷಿಸಲು ನಾಟೋರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅದೇ ಶಾಲೆ, ಅದೇ ತಂಡ, ಅದೇ ಕಾರು, ಕೊನೆಯ ಸುತ್ತಿನವರೆಗೆ ಎಳೆದ ಪೈಪೋಟಿ. ಹೋಂಡಾ ಇಬ್ಬರನ್ನೂ 2019ರಲ್ಲಿ ಎಫ್‌ಐಎ ಫಾರ್ಮುಲಾ 3ಕ್ಕೆ ಕಳಿಸಿತು. ತ್ಸುನೋಡಾಗೆ ಸಿಕ್ಕಿದ್ದು ಸ್ವಿಟ್ಜರ್ಲೆಂಡಿನ ಜೆನ್ಸರ್, ನಾಟೋರಿಗೆ ಬ್ರಿಟನ್ನಿನ ಕಾರ್ಲಿನ್. ಆ ಕಾಲದ ಹೆಸರು ನೋಡಿದರೆ ದೊಡ್ಡ ತಂಡ ಸಿಕ್ಕಿದ್ದು ನಾಟೋರಿಗೇ. ಋತು ಮುಗಿದಾಗ ತ್ಸುನೋಡಾ ಮೋಂಜಾದಲ್ಲಿ ಒಂದು ರೇಸ್ ಗೆದ್ದು ಒಂಬತ್ತನೆಯವರಾಗಿದ್ದರು, ನಾಟೋರಿ ಪಟ್ಟಿಯ ತಳಭಾಗದಲ್ಲಿದ್ದರು. 2020ರಲ್ಲಿ ತ್ಸುನೋಡಾ ಫಾರ್ಮುಲಾ 2ಕ್ಕೆ ಏರಿದರು, ಮುಂಬೈಯ ಜೆಹಾನ್ ದಾರುವಾಲಾ ಅವರಿಗೆ ತಂಡದ ಜೊತೆಗಾರರಾಗಿ. ಮೊದಲ ಋತುವಿನಲ್ಲೇ ಮೂರು ರೇಸ್ ಗೆದ್ದು ಮೂರನೇ ಸ್ಥಾನ ಪಡೆದರು. ಬಾಗಿಲು ತೆರೆದುಕೊಟ್ಟದ್ದು ಹೋಂಡಾ, ಒಳಗೆ ನಡೆದದ್ದು ತ್ಸುನೋಡಾ ಎಂದು ಹೇಳಲು ಅಡ್ಡಿಯಿಲ್ಲ. ಬಾಗಿಲೇ ಎಲ್ಲವೂ ಆಗಿದ್ದರೆ ನಾಟೋರಿಯೂ ಒಳಗಿರಬೇಕಿತ್ತು.

ನಾಟೋರಿ ಅವರ ಮುಂದಿನ ಹಾದಿಯೂ ಓದಬೇಕಾದ್ದು. ಜಪಾನಿಗೆ ಮರಳಿದ ಅವರು ಹೋಂಡಾದ ಬೆಂಬಲ ಕಳೆದುಕೊಂಡರು. ಮರುವರ್ಷ, 2021ರಲ್ಲಿ, ಬಿ-ಮ್ಯಾಕ್ಸ್ ಎಂಬ ಖಾಸಗಿ ತಂಡದ ಕಾರಿನಲ್ಲಿ ಸೂಪರ್ ಫಾರ್ಮುಲಾ ಲೈಟ್ಸ್ ಚಾಂಪಿಯನ್ ಆದರು. 2024ರಲ್ಲಿ ಸೂಪರ್ ಜಿಟಿಯ ಮೇಲಿನ ದರ್ಜೆಯಲ್ಲಿ ನಿಸ್ಸಾನ್ ಕಾರು ಓಡಿಸುತ್ತಿದ್ದರು. ಜೊತೆಗಾರ, ಹಿಂದೆ ಹೋಂಡಾದ ಭರವಸೆಯಾಗಿದ್ದ ಅದೇ ಮತ್ಸುಶಿತಾ. ಯೂರೋಪಿನಿಂದ ವಾಪಸಾದ ಹೋಂಡಾದ ಇಬ್ಬರು ಹುಡುಗರು ಎದುರು ಬಣದ ಒಂದೇ ಕಾರಿನಲ್ಲಿ ಕೂತ ಈ ಸಂಗತಿಯ ಬಗ್ಗೆ ಯಾರಾದರೂ ವಿವರವಾಗಿ ಬರೆಯಬೇಕು. ಕಂಪನಿಗಳು ಬಿಟ್ಟುಕೊಟ್ಟ ಚಾಲಕರು ಎಲ್ಲಿಗೆ ಹೋಗುತ್ತಾರೆ ಎಂಬುದೇ ಒಂದು ಪ್ರತ್ಯೇಕ ಅಧ್ಯಯನದ ವಸ್ತು.

ಇನ್ನೊಂದು ಆಕ್ಷೇಪ ವಯಸ್ಸಿನದು. ಇಪ್ಪತ್ತಮೂರಕ್ಕೆ ಫಾರ್ಮುಲಾ 3 ಗೆದ್ದವರನ್ನು ಬಿಟ್ಟು ಹದಿನೆಂಟಕ್ಕೆ ಫಾರ್ಮುಲಾ 4 ಗೆದ್ದವರನ್ನು ಆರಿಸಿಕೊಂಡದ್ದರಲ್ಲಿ ಕಂಪನಿಯ ಮಾತು ತರುವ ಅಗತ್ಯವೇನು, ವಯಸ್ಸೇ ಸಾಕಲ್ಲವೇ ಎಂದು ಕೇಳಬಹುದು. ವಯಸ್ಸಿಗೆ ತೂಕವಿದೆ, ಒಪ್ಪೋಣ. ಆದರೆ ಮಿಯಾಟಾ 1999ರ ಆಗಸ್ಟ್‌ನಲ್ಲಿ ಹುಟ್ಟಿದವರು, ತ್ಸುನೋಡಾಗಿಂತ ಒಂಬತ್ತು ತಿಂಗಳು ಮಾತ್ರ ದೊಡ್ಡವರು. ಹದಿನೇಳು, ಹದಿನೆಂಟರಲ್ಲೇ ಎರಡು ಸಲ ಫಾರ್ಮುಲಾ 4 ಗೆದ್ದಿದ್ದರು. ತ್ಸುನೋಡಾ ಮೂರನೆಯವರಾದ 2017ರಲ್ಲೂ ಗೆದ್ದವರು ಅವರೇ. ಟೊಯೊಟಾ ಅವರನ್ನು ಯೂರೋಪಿನ ಫಾರ್ಮುಲಾ 2ಕ್ಕೆ ಕಳಿಸಿದ್ದು 2024ರಲ್ಲಿ, ಜಪಾನಿನಲ್ಲಿ ಗೆಲ್ಲಬೇಕಾದ್ದನ್ನೆಲ್ಲ ಅವರು ಗೆದ್ದಾದ ಮೇಲೆ. ಅಲ್ಲಿ ಅವರ ಎದುರು ಗ್ರಿಡ್‌ನಲ್ಲಿದ್ದವರಲ್ಲಿ ಬೆಂಗಳೂರಿನ ಕುಶ್ ಮೈನಿಯೂ ಒಬ್ಬರು. ಅದೇ ವರ್ಷದ ಅಕ್ಟೋಬರಿನಲ್ಲಿ ಟೊಯೊಟಾ ಹಾಸ್ ತಂಡದ ಜೊತೆ ತಾಂತ್ರಿಕ ಒಪ್ಪಂದ ಪ್ರಕಟಿಸಿ ಫಾರ್ಮುಲಾ 1ರ ಅಂಗಳಕ್ಕೆ ಮತ್ತೆ ಕಾಲಿಟ್ಟಿತು. ವಯಸ್ಸೊಂದೇ ಕಾರಣವಾಗಿದ್ದರೆ ಮಿಯಾಟಾ 2018ರಲ್ಲೇ ವಿಮಾನ ಹತ್ತಬೇಕಿತ್ತು.

ಆದ್ದರಿಂದ ಈ ಋತುವನ್ನು ದಾಖಲಿಸುವವರಲ್ಲಿ ಒಂದು ವಿನಂತಿ. ಚಾಲಕ, ತಂಡ, ಗೆಲುವು, ಅಂಕ ಎಂಬ ನಾಲ್ಕು ಕಾಲಂಗಳ ಪಕ್ಕದಲ್ಲಿ ಐದನೆಯದಾಗಿ ಚಾಲಕನ ಬೆನ್ನಿಗಿರುವ ಕಂಪನಿಯನ್ನೂ, ಅದು ಆ ವರ್ಷ ಫಾರ್ಮುಲಾ 1ರಲ್ಲಿತ್ತೇ ಎಂಬುದನ್ನೂ ಬರೆಯಿರಿ. 2018ರ ಮಟ್ಟಿಗೆ ನನ್ನ ತೀರ್ಪು ಇಷ್ಟು: ಎರಡು ಪಟ್ಟಿಗಳಲ್ಲಿ ಓಟದ ದೃಷ್ಟಿಯಿಂದ ಬಲವಾದ ಋತು ತ್ಸುಬೋಯಿ ಅವರದು, ಸಂದರ್ಭ ಒಲಿದ ಋತು ತ್ಸುನೋಡಾ ಅವರದು. ತ್ಸುಬೋಯಿ 2021, 2023, 2024ರಲ್ಲಿ ಸೂಪರ್ ಜಿಟಿ ಗೆದ್ದರು, 2024ರಲ್ಲಿ ಟಾಮ್ಸ್ ತಂಡದಲ್ಲೇ ಸೂಪರ್ ಫಾರ್ಮುಲಾ ಚಾಂಪಿಯನ್ ಆದರು. 2025ರ ಆಗಸ್ಟ್‌ನಲ್ಲಿ, ಮೂವತ್ತರ ವಯಸ್ಸಿನಲ್ಲಿ, ಫುಜಿಯಲ್ಲಿ ಹಾಸ್ ತಂಡದ ಹಳೆಯ ಕಾರೊಂದರ ಪರೀಕ್ಷಾ ಓಟದಲ್ಲಿ ಮೊದಲ ಬಾರಿಗೆ ಫಾರ್ಮುಲಾ 1 ಕಾರು ಓಡಿಸಿದರು.